ದಾರಿಯುಂಟು, ಬಂಡಿಯಿಲ್ಲ

ಮಳೆಗಾಲವು ತೀರಿ ಹಳ್ಳಗಳು ಇಳಿಯತೊಡಗಿದೊಡನೆ ಉತ್ತರ ಕನ್ನಡ ಜಿಲ್ಲೆಯ ಕಚೇರಿಗಳಲ್ಲಿ ರಸ್ತೆಗಳ ಲೆಕ್ಕಾಚಾರವು ಪ್ರಾರಂಭವಾಗುವದು. ಎಲ್ಲಿ ಸೇತುವೆ ಕುಸಿಯಿತು, ಯಾವ ಘಟ್ಟದಲ್ಲಿ ಮಣ್ಣು ಜಾರಿತು, ಎಷ್ಟು ಕಿಲೋಮೀಟರಿಗೆ ಡಾಂಬರು ಬೇಕು, ಅದಕ್ಕೆ ಎಷ್ಟು ಲಕ್ಷ ಬೇಕು ಎಂಬ ತಖ್ತೆಗಳು ಸಿದ್ಧವಾಗಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗುವವು. ಈ ತಖ್ತೆಗಳಲ್ಲಿ ಒಂದು ಕಲಮು ಮಾತ್ರ ಎಂದೂ ಇರುವದಿಲ್ಲ. ಆ ರಸ್ತೆಯ ಕೊನೆಯಲ್ಲಿ ವಾಸಿಸುವ ಕೂಲಿಕಾರನು ಬೆಳಿಗ್ಗೆ ಮನೆ ಬಿಟ್ಟು, ತಾಲೂಕಿನ ಊರಿಗೆ ಹೋಗಿ, ತನ್ನ ಕೆಲಸವನ್ನು ಮುಗಿಸಿಕೊಂಡು, ಕತ್ತಲಾಗುವದರೊಳಗೆ ಮನೆಗೆ ಮರಳಬಲ್ಲನೇ ಎಂಬದೇ ಆ ಕಲಮು. ಹಳ್ಳಿಯ ರಸ್ತೆಯ ಯೋಗ್ಯತೆಯನ್ನು ಅಳೆಯತಕ್ಕ ಮಾನದಂಡವು ಇದೇ ಎಂದು ನಾವು ಭಾವಿಸುತ್ತೇವೆ. ಕಿಲೋಮೀಟರುಗಳ ಲೆಕ್ಕವು ಗುತ್ತಿಗೆದಾರನ ಲೆಕ್ಕವು. ದಿನದ ಲೆಕ್ಕವು ಬಡವನದು.

ಹಳಿಯಾಳ ತಾಲೂಕಿನ ತೇರಗಾಂವವನ್ನು ತೆಗೆದುಕೊಳ್ಳೋಣ. ಇದು ಅಡವಿಯ ಗರ್ಭದಲ್ಲಿ ಅಡಗಿದ ಊರಲ್ಲ. ತಾಲೂಕಿನ ಮುಖ್ಯ ಊರಿಗೆ ಬಹಳ ದೂರದ್ದೂ ಅಲ್ಲ. ಗ್ರಾಮ ಪಂಚಾಯತಿಯುಳ್ಳ, ಗದ್ದೆ ಹೊಲಗಳ ಸೀಮೆಯ ಊರು. ಇಂಥ ಊರಿನಲ್ಲಿಯೂ ದಾರಿಯ ಮಹತ್ವವು ಎಷ್ಟೆಂಬದನ್ನು ಕಬ್ಬು ಬೆಳೆದ ರೈತನು ಬಲ್ಲನು. ಕಬ್ಬು ಕಡಿದ ಗಳಿಗೆಯಿಂದಲೇ ಒಣಗತೊಡಗುವದು. ಒಂದು ದಿನ ಕಳೆದರೆ ತೂಕವೂ ಇಳಿಯುವದು, ಸಕ್ಕರೆಯ ಅಂಶವೂ ಇಳಿಯುವದು. ಹಣವು ದೊರೆಯುವದು ಕಾರ್ಖಾನೆಯ ಕಾಟಾದ ಮೇಲೆ ತೋರಿದ ತೂಕಕ್ಕೆ. ಹೀಗಿರುವಾಗ ಹೊಲದ ಬದುವಿನಿಂದ ಹಳಿಯಾಳದ ಕಾರ್ಖಾನೆಯ ಕಾಟಾದವರೆಗಿನ ದಾರಿಯಲ್ಲಿ ಕಳೆದುಹೋಗುವ ಒಂದೊಂದು ತಾಸೂ ರೈತನ ಕಿಸೆಯಿಂದಲೇ ಹೋಗುವದು. ಲಾರಿ, ಟ್ರ್ಯಾಕ್ಟರುಗಳು ಸುಲಭವಾಗಿ ಹೋಗಲಾರದ ಹೊಲದ ಪಾಳಿಯು ಕಡೆಗೆ ಬರುವದೆಂಬದೂ ರೈತರಿಗೆ ಹೊಸ ಮಾತಲ್ಲ. ಮಣ್ಣು ಒಂದೇ, ಬೀಜ ಒಂದೇ, ಬೆವರೂ ಒಂದೇ. ಆದರೆ ಡಾಂಬರಿನ ಬದಿಯ ಹೊಲದವನಿಗೂ ಕೆಸರುದಾರಿಯ ಹೊಲದವನಿಗೂ ವರ್ಷದ ಕೊನೆಗೆ ಉಳಿಯುವ ಹಣವು ಒಂದೇ ಅಲ್ಲ.

ತೇರಗಾಂವದಂಥ ಊರಿನ ಸ್ಥಿತಿಯೇ ಹೀಗಿರುವಾಗ, ದಾಂಡೇಲಿಯನ್ನು ದಾಟಿ ಜೋಯಿಡಾ ತಾಲೂಕಿಗೆ ಕಾಲಿಟ್ಟವರಿಗೆ ಬೇರೊಂದು ಲೋಕವೇ ಕಾಣುವದು. ೨೦೧೧ರ ಜನಗಣತಿಯಲ್ಲಿ ಆ ವಿಶಾಲವಾದ ತಾಲೂಕಿಗೆಲ್ಲ ಸುಮಾರು ೫೦ ಸಾವಿರ ಜನರಷ್ಟೇ ಇದ್ದರು. ದಿಗ್ಗಿ, ಬಜಾರಕುಣಂಗಗಳಂಥ ಗೋವೆಯ ಗಡಿಯ ಕಡೆಯ ಹಳ್ಳಿಗಳೂ, ಅವುಗಳ ಸುತ್ತಲಿನ ಹತ್ತಿಪ್ಪತ್ತು ಮನೆಗಳ ಮಜರೆಗಳೂ ಗುಡ್ಡಕ್ಕೊಂದು ಕಣಿವೆಗೊಂದು ಎಂಬಂತೆ ಚದುರಿಕೊಂಡಿವೆ. ಇಲ್ಲಿಯ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸುಗಳಿಗೆ ಇತ್ತೀಚೆಗೆ ಪೇಟೆಯ ಜನರಲ್ಲಿ ಒಳ್ಳೆಯ ಹೆಸರು ಬಂದಿದೆ. ಆದರೆ ಗೆಡ್ಡೆಯು ಭಾರವಾದ ವಸ್ತು. ಭಾರಕ್ಕೆ ತಕ್ಕ ಬೆಲೆಯಿಲ್ಲದ ವಸ್ತು. ತಲೆಯ ಮೇಲೆ ಒಂದು ಬುಟ್ಟಿಯನ್ನು ಹೊತ್ತು ಐದಾರು ಮೈಲು ನಡೆದು ಬರುವವನು ಎಷ್ಟು ತರಬಲ್ಲನು? ತಂದದ್ದನ್ನು ಮರಳಿ ಒಯ್ಯಲಾರನು; ಆದಕಾರಣ ಕೇಳಿದ ಬೆಲೆಗೆ ಕೊಟ್ಟೇ ಹೋಗಬೇಕು. ಗೌಳಿಗಳ ದಡ್ಡಿಗಳದೂ ಇದೇ ಕಥೆ. ಹಾಲು ಕೆಡುವ ಮೊದಲು ಡೇರಿಗೆ ಮುಟ್ಟುವಂತಿದ್ದರೆ ಅದು ದಿನದಿನದ ಆದಾಯವು. ಇಲ್ಲದಿದ್ದರೆ ಎಮ್ಮೆಯಿದ್ದೂ ಬಡತನವೇ. ಬೆಳೆಯುವ ಶಕ್ತಿಯುಳ್ಳವನನ್ನು ಮಾರುವ ಶಕ್ತಿಯಿಲ್ಲದವನನ್ನಾಗಿ ಮಾಡುವದು ಆ ಐದಾರು ಮೈಲುಗಳ ಕಾಲುದಾರಿ.

ಪಟ್ಟಣದಲ್ಲಿ ವಾಸಿಸುವ ನಮ್ಮ ಓದುಗರಿಗೆ ದಿನವೊಂದು ಹೋಗುವದೆಂದರೇನೆಂಬದು ಸಹಜವಾಗಿ ಹೊಳೆಯಲಾರದು. ಹಳ್ಳಿಯ ಕೂಲಿಕಾರನೊಬ್ಬನು ಉತಾರೆಯಲ್ಲಿಯ ಒಂದು ತಪ್ಪನ್ನು ತಿದ್ದಿಸಿಕೊಳ್ಳಲು ತಾಲೂಕು ಕಚೇರಿಗೆ ಹೊರಟಿದ್ದಾನೆಂದು ಭಾವಿಸೋಣ. ಬಸ್ಸು ಬರುವ ತಿರುವಿನವರೆಗೆ ನಡೆದು, ಬಸ್ಸನ್ನು ಕಾಯ್ದು, ಆತನು ಊರು ಮುಟ್ಟುವಾಗ ಹನ್ನೊಂದೋ ಹನ್ನೆರಡೋ ಆಗಿರುವದು. ಸಾಹೇಬರು ಸಭೆಗೆ ಹೋಗಿದ್ದಾರೆ. ಮೂರು ಗಂಟೆಗೆ ಬರುವರು. ಆತನ ಊರಿನ ಕಡೆಗಿನ ಕೊನೆಯ ಬಸ್ಸು ಮೂರೂವರೆಗೆ. ಆತನು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮರಳುವನು. ಮತ್ತೊಂದು ದಿನ ಬರುವನು. ೨೦೨೫-೨೬ರಲ್ಲಿ ಉದ್ಯೋಗ ಖಾತರಿ ಯೋಜನೆಯು ಕರ್ನಾಟಕಕ್ಕೆ ನಿಗದಿ ಮಾಡಿದ ಕೂಲಿಯು ದಿನಕ್ಕೆ ೩೭೦ ರೂಪಾಯಿ. ಎರಡು ದಿನಗಳಿಗೆ ೭೪೦ ರೂಪಾಯಿಗಳು ಹೋದವು. ದಾರಿಯ ವೆಚ್ಚವು ಬೇರೆ. ಅಧಿಕಾರಿಗಳು ಇದನ್ನು ಯಾವ ಪುಸ್ತಕದಲ್ಲಿಯೂ ಬರೆಯುವದಿಲ್ಲ. ಏಕೆಂದರೆ ಇದಕ್ಕೆ ಪಾವತಿಯಿಲ್ಲ. ತಿಂಗಳಿನ ಅಕ್ಕಿಗೂ ಹೀಗೆಯೇ. ಹೆಬ್ಬೆಟ್ಟು ಒತ್ತುವ ಯಂತ್ರವು ಒಮ್ಮೆ ಮುನಿದರೆ ಪೇಟೆಯವನು ಸಂಜೆಗೆ ಮತ್ತೊಮ್ಮೆ ಹೋಗಿಬರುವನು. ಮಜರೆಯವನಿಗೆ ಮತ್ತೊಂದು ದಿನದ ಕೂಲಿಯು ಹೋಗುವದು. ಬಡತನದ ಮೇಲೆ ಹೇರಿದ ತೆರಿಗೆಗಳಲ್ಲಿ ಇದು ಅತ್ಯಂತ ಭಾರವಾದುದು. ಯಾವ ಶಾಸನಸಭೆಯೂ ಇದನ್ನು ಹೇರಲಿಲ್ಲ, ಆದಕಾರಣ ಯಾವ ಶಾಸನಸಭೆಯೂ ಇದನ್ನು ತೆಗೆಯುವ ಗೊಡವೆಗೆ ಹೋಗಿಲ್ಲ.

ಈ ಜಿಲ್ಲೆಗೆ ರಸ್ತೆಗಳೇ ಬರಲಿಲ್ಲವೆಂದಲ್ಲ. ಬಂದುವು; ಆದರೆ ಯಾರಿಗಾಗಿ ಬಂದುವೆಂಬದನ್ನು ನೋಡಬೇಕು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ವಿಲಾಯತಿಗೆ ಬಾರದಂತಾದಾಗ, ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ಧಾರವಾಡದ ಕರಿನೆಲದ ಮೇಲೆ ಬಿದ್ದಿತು. ಆ ಹತ್ತಿಯು ಅದಕ್ಕೆ ಮೊದಲೇ ಎತ್ತುಗಳ ಬೆನ್ನಿನ ಮೇಲೆ ಘಟ್ಟವಿಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿದ್ದುದರಿಂದ 'ಕುಮಟಾ ಹತ್ತಿ' ಎಂಬ ಹೆಸರೇ ಪೇಟೆಯಲ್ಲಿ ರೂಢವಾಗಿತ್ತು. ಕಾರವಾರದಲ್ಲಿ ಬಂದರು ಬೇಕು, ಘಟ್ಟಕ್ಕೆ ಗಾಡಿರಸ್ತೆ ಬೇಕು ಎಂದು ಗಿರಣಿಯವರು ಸರಕಾರದ ಬೆನ್ನು ಹತ್ತಿದರು. ೧೮೬೨ರಲ್ಲಿ ಈ ಜಿಲ್ಲೆಯು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ವರ್ಗವಾದುದರ ಹಿಂದೆಯೂ ಈ ಹತ್ತಿಯ ನೂಲು ಇದ್ದಿತು. ಮುಂದೆ ೧೮೮೦ರ ದಶಕದಲ್ಲಿ ಕ್ಯಾಸಲ್‌ರಾಕಿನ ಮೇಲೆ ಹಾಯ್ದು ಮುರಗಾಂವ ಬಂದರಕ್ಕೆ ರೈಲು ಹೋದೊಡನೆ ಅದೇ ಕಾರವಾರ, ಕುಮಟೆಗಳ ವ್ಯಾಪಾರವು ಕುಗ್ಗಿತು. ಘಟ್ಟದ ರಸ್ತೆಗಳ ಮೇಲಿನ ಮಮತೆಯೂ ಅದರೊಂದಿಗೆ ಇಳಿಯಿತು. ಅನಂತರ ದಾಂಡೇಲಿಯ ಸಾಗವಾನಿಗಾಗಿ ಅಳ್ನಾವರದಿಂದ ರೈಲಿನ ಕವಲು ಬಂದಿತು. ಹತ್ತಿಗೆ ದಾರಿ ಸಿಕ್ಕಿತು, ತೊಲೆಗೆ ದಾರಿ ಸಿಕ್ಕಿತು. ಮನುಷ್ಯನು ಮಾತ್ರ ಕಾಲುದಾರಿಯಲ್ಲಿಯೇ ಉಳಿದನು.

ಪರರ ಆಳಿಕೆಯಲ್ಲಿ ಹೀಗಾದುದು ಆಶ್ಚರ್ಯವಲ್ಲ. ಸ್ವರಾಜ್ಯದಲ್ಲಿಯೂ ಆ ಚಾಳಿಯು ಪೂರ್ಣ ಬಿಡಲಿಲ್ಲವೆಂಬದೇ ನಮ್ಮ ದೂರು. ೧೯೫೫ರಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆಯು ಬಂದಿತು. ಬಿದಿರು ಸಾಗಿಸಲು ಅಡವಿಯೊಳಗೆ ಲಾರಿಯ ದಾರಿಗಳಾದವು. ಕಾಳಿ ನದಿಗೆ ಸೂಪಾದಲ್ಲಿ ೧೦೧ ಮೀಟರು ಎತ್ತರದ ಅಣೆಕಟ್ಟಾಯಿತು. ಸೂಪಾ ಎಂಬ ತಾಲೂಕಿನ ಊರೇ ನೀರಿನಡಿ ಮುಳುಗಿ, ಅಲ್ಲಿಯ ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋಗಿ ನೆಲೆಸಬೇಕಾಯಿತು. ಯಂತ್ರಗಳನ್ನು ಒಯ್ಯಲು ಬೇಕಾದ ರಸ್ತೆಗಳು ಆಗ ಬೇಗನೆ ಸಿದ್ಧವಾದವು. ಕಾಳಿಯ ವಿದ್ಯುತ್ತು ದೂರದೂರದ ಪಟ್ಟಣಗಳನ್ನು ಬೆಳಗುತ್ತಿದೆ. ಅದಕ್ಕಾಗಿ ನಾವು ಕೊರಗುವದಿಲ್ಲ. ಆದರೆ ಒಳಗಿನಿಂದ ಹೊರಕ್ಕೆ ಒಯ್ಯತಕ್ಕದ್ದು ಇದ್ದಾಗ ಗುಡ್ಡವನ್ನು ಕಡಿಯಬಲ್ಲ ಸರಕಾರವು, ಒಳಗಿನ ಬಾಣಂತಿಯನ್ನು ಹೊರಕ್ಕೆ ತರಬೇಕಾದಾಗ ಗುಡ್ಡದ ಕಡೆಗೆ ಬೆರಳು ತೋರಿಸುವದನ್ನು ಹೇಗೆ ಒಪ್ಪಿಕೊಳ್ಳುವದು? ಕಂಬಳಿಯನ್ನು ಬೊಂಬಿಗೆ ಜೋಲಿ ಕಟ್ಟಿ ರೋಗಿಯನ್ನು ಹೊತ್ತು ತಂದ ಸುದ್ದಿಯು ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುವದು. ೨೦೦೮ರಲ್ಲಿ ರಾಜ್ಯದಲ್ಲಿ ೧೦೮ರ ಅಂಬ್ಯುಲನ್ಸ್ ಸೇವೆಯು ಆರಂಭವಾದುದು ದೊಡ್ಡ ಉಪಕಾರವೇ ಸರಿ. ಆದರೆ ಆ ಗಾಡಿಯೂ ದಾರಿಯು ನಿಂತಲ್ಲಿಯೇ ನಿಲ್ಲತಕ್ಕದ್ದು.

ಹಳ್ಳಿಯ ರಸ್ತೆಯ ವಿಚಾರವು ಈ ದೇಶಕ್ಕೆ ಹೊಸದೇನೂ ಅಲ್ಲ. ೧೯೨೭ರಲ್ಲಿ ನೇಮಕವಾದ ಜಯಕರ ಸಮಿತಿಯ ಸಲಹೆಯಂತೆ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡು ಆಣೆಯ ಹೆಚ್ಚಿನ ಸುಂಕವನ್ನು ಹಾಕಿ ರಸ್ತೆಯ ನಿಧಿಯನ್ನು ಕೂಡಿಸಿದರು. ೧೯೪೩ರಲ್ಲಿ ನಾಗಪುರದಲ್ಲಿ ಕೂಡಿದ ಮುಖ್ಯ ಎಂಜಿನಿಯರರು, ಸಾಗುವಳಿಯು ಬೆಳೆದ ಪ್ರದೇಶದ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರವಿರಬಾರದೆಂದು ೨೦ ವರ್ಷಗಳ ಯೋಜನೆಯನ್ನು ಹಾಕಿದರು. ೨೦೦೦ದ ಡಿಸೆಂಬರ ೨೫ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ ಯೋಜನೆಯು ಇವೆಲ್ಲವುಗಳಿಗಿಂತಲೂ ದೊಡ್ಡ ಹೆಜ್ಜೆ. ದೇಶದ ಎಷ್ಟೋ ಹಳ್ಳಿಗಳು ಅದರಿಂದ ಕೆಸರನ್ನು ದಾಟಿವೆ. ಆ ಉಪಕಾರವನ್ನು ಮರೆಯುವ ಕೃತಘ್ನರು ನಾವಲ್ಲ.

ಆದರೆ ಆ ಯೋಜನೆಯ ಜರಡಿಯಲ್ಲಿ ನಮ್ಮ ಜಿಲ್ಲೆಯ ಮಜರೆಗಳು ಸೋರಿಹೋಗುವದನ್ನು ಗಮನಿಸಬೇಕು. ಬಯಲಿನಲ್ಲಿ ೫೦೦ ಜನರಿರುವ ವಸತಿಗೆ ರಸ್ತೆ. ಗುಡ್ಡಗಾಡಿನ ರಾಜ್ಯಗಳಲ್ಲಿ, ಮರುಭೂಮಿಯಲ್ಲಿ, ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಬುಡಕಟ್ಟಿನ ಪ್ರದೇಶಗಳಲ್ಲಿ ೨೫೦ ಜನರಿದ್ದರೂ ರಸ್ತೆ. ಇದು ಮೂಲದ ನಿಯಮವು. ೨೦೨೪ರ ಸೆಪ್ಟೆಂಬರಿನಲ್ಲಿ ಮಂಜೂರಾದ ನಾಲ್ಕನೆಯ ಹಂತವೂ, ೨೫ ಸಾವಿರ ವಸತಿಗಳಿಗೆ ೬೨,೫೦೦ ಕಿಲೋಮೀಟರು ರಸ್ತೆಯ ಗುರಿಯನ್ನಿಟ್ಟುಕೊಂಡಿದ್ದರೂ, ಸ್ಥೂಲವಾಗಿ ಇದೇ ಜಾಡನ್ನು ಹಿಡಿದಿದೆ. ಕರ್ನಾಟಕವು ಗುಡ್ಡಗಾಡಿನ ರಾಜ್ಯವಲ್ಲ. ಐದನೆಯ ಅನುಸೂಚಿಯ ಪ್ರದೇಶವೂ ನಮ್ಮಲ್ಲಿಲ್ಲ. ಸಿದ್ದಿಗಳನ್ನು ೨೦೦೩ರಲ್ಲಿ ಪರಿಶಿಷ್ಟ ಬುಡಕಟ್ಟಿಗೆ ಸೇರಿಸಿದರೂ ಅವರ ನೆಲವು ಬುಡಕಟ್ಟಿನ ಪ್ರದೇಶವೆನ್ನಿಸಿಕೊಳ್ಳಲಿಲ್ಲ; ಕುಣಬಿ, ಗೌಳಿಗಳ ಬೇಡಿಕೆಗಳಂತೂ ಇನ್ನೂ ಕಡತಗಳಲ್ಲಿವೆ. ಆದುದರಿಂದ ಜೋಯಿಡಾದ ಗುಡ್ಡವು ಸರಕಾರದ ಕಾಗದದಲ್ಲಿ ವಿಜಾಪುರದ ಬಯಲಿನೊಡನೆ ಒಂದೇ ಸಾಲಿನಲ್ಲಿ ನಿಲ್ಲಬೇಕಾಗಿದೆ. ಹತ್ತಿರದ ವಸತಿಗಳ ಜನಸಂಖ್ಯೆಯನ್ನು ಕೂಡಿಸಬಹುದೆಂದು ನಿಯಮದಲ್ಲಿದೆ. ಆದರೆ ಬಯಲಿಗೆ ೫೦೦ ಮೀಟರಿನೊಳಗೆ, ಗುಡ್ಡಕ್ಕೆ ನಡಿಗೆಯ ದಾರಿಯಿಂದ ಒಂದೂವರೆ ಕಿಲೋಮೀಟರಿನೊಳಗೆ. ಬಯಲೆಂದು ಎಣಿಸಲ್ಪಟ್ಟ ಗುಡ್ಡದಲ್ಲಿ ೫೦೦ ಮೀಟರಿನೊಳಗೆ ಮತ್ತೊಂದು ಮಜರೆಯನ್ನು ಹುಡುಕುವದು ಹೇಗೆ? ಪಶ್ಚಿಮ ಘಟ್ಟದ ತಾಲೂಕುಗಳಿಗೆ ಗುಡ್ಡಗಾಡಿನ ನಿಯಮವನ್ನೇ ಹಚ್ಚಬೇಕೆಂದು ರಾಜ್ಯ ಸರಕಾರವು ದಿಲ್ಲಿಯಲ್ಲಿ ಒತ್ತಾಯಿಸಬೇಕು. ಪಕ್ಷಗಳು ಎಷ್ಟೇ ಇರಲಿ, ಈ ಮಾತಿನಲ್ಲಿ ಜಿಲ್ಲೆಯ ಪ್ರತಿನಿಧಿಗಳೆಲ್ಲರೂ ಒಂದು ಕೊರಳಾಗುವರೆಂದು ಆಶಿಸುತ್ತೇವೆ.

ಇಷ್ಟಾದರೂ, ರಸ್ತೆಯು ಬಂದೊಡನೆ ಬಡತನವು ಓಡಿಹೋಗುವದೆಂದು ನಾವು ಹೇಳುವದಿಲ್ಲ. ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾಡ್ ಎಂಬ ಅರ್ಥಶಾಸ್ತ್ರಜ್ಞರು ಈ ಸಡಕ ಯೋಜನೆಯ ಹಳ್ಳಿಗಳನ್ನೇ ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ಲೇಖನವು ಉತ್ಸಾಹಿಗಳ ಬಾಯಿ ಮುಚ್ಚಿಸುವಂತಿದೆ. ರಸ್ತೆಯಾಗಿ ನಾಲ್ಕು ವರ್ಷಗಳಾದ ಮೇಲೂ ಬೆಳೆಯಲ್ಲಿ, ಆದಾಯದಲ್ಲಿ, ಆಸ್ತಿಯಲ್ಲಿ ದೊಡ್ಡ ಏರಿಕೆಯು ಅವರಿಗೆ ಕಾಣಲಿಲ್ಲ. ಕಂಡುದೊಂದೇ: ಹೊಲದ ಕೆಲಸವನ್ನು ಬಿಟ್ಟು ಹೊರಗಿನ ಕೂಲಿಗೆ ಹೋಗುವವರ ಪ್ರಮಾಣವು ಹೆಚ್ಚಿತು. ಶಿಲ್ಪಾ ಅಗರವಾಲರು ೨೦೧೮ರಲ್ಲಿ ತೋರಿಸಿದಂತೆ ದೊಡ್ಡ ಹುಡುಗರು ಶಾಲೆ ಬಿಟ್ಟು ದುಡಿಮೆಗೆ ಹೋದುದೂ ಉಂಟು. ಇದನ್ನು ಓದಿ ರಸ್ತೆಯೇ ಬೇಡವೆನ್ನುವವರು ಅವಸರದವರು. ನಮಗಾದರೋ ಇದರಿಂದ ತಿಳಿಯುವದು ಬೇರೆ. ಹೊರಗೆ ಹೋಗುವವನಿಗೆ ದಾರಿಯೊಂದೇ ಸಾಕಾಗುವದು. ಎಲ್ಲಿಯಾದರೂ ಒಂದು ಗಾಡಿಯನ್ನು ಹಿಡಿದು ಗೋವೆಗೋ ಹುಬ್ಬಳ್ಳಿಗೋ ಹೋಗಿಬಿಡುವನು. ಊರಲ್ಲಿಯೇ ಇದ್ದು ಬೆಳೆದು, ಪೇಟೆಗೆ ಒಯ್ದು ಮಾರಿ, ಮಗಳನ್ನು ಪ್ರೌಢಶಾಲೆಗೆ ಕಳಿಸಿ ಬದುಕಬೇಕೆನ್ನುವವನಿಗೆ ದಾರಿಯ ಮೇಲೆ ದಿನಾಲು, ಹೊತ್ತಿಗೆ ಸರಿಯಾಗಿ ಓಡುವ ಬಂಡಿಯೂ ಬೇಕು. ನಮ್ಮ ಸರಕಾರಗಳು ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಮರೆತುಬಿಡುವವು.

೨೦೨೩ರ ಜೂನ್ ೧೧ರಿಂದ ಕರ್ನಾಟಕದ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಪುಕ್ಕಟೆ ಪ್ರಯಾಣವು ದೊರೆತಿದೆ. 'ಶಕ್ತಿ' ಎಂಬ ಹೆಸರೂ ಒಪ್ಪುವಂತಿದೆ. ಆದರೆ ಬಸ್ಸು ಬಾರದ ಮಜರೆಯ ಹೆಂಗಸಿನ ಪಾಲಿಗೆ ಈ ಶಕ್ತಿಯು ಎಷ್ಟರದು? ಪೇಟೆಯ ಉದ್ಯೋಗಸ್ಥೆಯು ಪುಕ್ಕಟೆಯಾಗಿ ಹೋಗಿಬರುವಾಗ, ಅವಳಿಗಿಂತ ಹತ್ತು ಪಟ್ಟು ಬಡವಳಾದ ಸಿದ್ದಿ ಹೆಂಗಸು ಟೆಂಪೋದವನು ಕೇಳಿದಷ್ಟು ಕೊಟ್ಟು ಮೂಟೆಗಳ ಮೇಲೆ ಕುಳಿತು ಬರಬೇಕು. ಪೇಟೆಯವಳಿಂದ ಕಸಿಯಬೇಕೆಂದು ನಾವು ಹೇಳುವದಿಲ್ಲ. ಸಮಾನವಾದ ಹಕ್ಕು ಸಮಾನವಾಗಿ ಮುಟ್ಟಬೇಕೆಂದಷ್ಟೇ ಹೇಳುತ್ತೇವೆ.

ಇಂಥ ಮಾರ್ಗಗಳಲ್ಲಿ ನಷ್ಟವಾಗುವದೆಂದು ಸಾರಿಗೆಯವರ ಉತ್ತರವು. ೧೯೯೭ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ವಾಯವ್ಯ ಸಾರಿಗೆ ಸಂಸ್ಥೆಯ ಅಡಚಣಿಗಳನ್ನು ನಾವು ಬಲ್ಲೆವು. ಗಾಡಿಗಳು ಸಾಲವು, ಚಾಲಕರು ಸಾಲರು, ಎಷ್ಟೋ ಹಳ್ಳಿಗಳಲ್ಲಿ ದೊಡ್ಡ ಬಸ್ಸನ್ನು ತಿರುಗಿಸಲು ಜಾಗವೂ ಇಲ್ಲ. ಆದರೆ ಅಂಚೆಯ ಖಾತೆಯು ಪ್ರತಿಯೊಂದು ಕಾಗದಕ್ಕೂ ಲಾಭನಷ್ಟವನ್ನು ನೋಡಿ ಅಂಚೆಯವನನ್ನು ಕಳಿಸುವದಿಲ್ಲ. ದೊಡ್ಡ ಬಸ್ಸು ತಿರುಗದಲ್ಲಿ ಸಣ್ಣ ಬಸ್ಸು ತಿರುಗುವದು. ಎಲ್ಲಕ್ಕಿಂತ ಮುಖ್ಯವಾದುದು ವಸ್ತಿ ಬಸ್ಸು. ರಾತ್ರಿ ಹಳ್ಳಿಯಲ್ಲಿಯೇ ಉಳಿದು ನಸುಕಿಗೆ ಹೊರಡುವ ಒಂದು ಬಸ್ಸು, ಮಧ್ಯಾಹ್ನ ಬಂದುಹೋಗುವ ಮೂರು ಬಸ್ಸುಗಳಿಗಿಂತ ಹೆಚ್ಚಿನದು. ಅದರಲ್ಲಿ ಹಾಲು ಹೋಗುವದು, ಕಾಯಿಪಲ್ಲೆ ಹೋಗುವದು, ಶಾಲೆಯ ಹುಡುಗಿ ಹೋಗುವಳು, ಕಚೇರಿಗೆ ಹೋಗುವವನು ಬಾಗಿಲು ತೆರೆಯುವ ಮೊದಲೇ ಮುಟ್ಟಿ ಅದೇ ದಿನ ಮರಳುವನು. ಡಾಂಬರಿನ ಒಂದು ಕಿಲೋಮೀಟರಿಗೆ ಆಗುವ ವೆಚ್ಚದಲ್ಲಿ ಇಂಥ ಬಸ್ಸು ಎಷ್ಟು ಕಾಲ ಓಡೀತೆಂಬ ಲೆಕ್ಕವನ್ನು ಸರಕಾರವು ಒಮ್ಮೆಯಾದರೂ ಹಾಕಿ ಪ್ರಕಟಿಸಲಿ. ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಇದೇ ಅಡವಿಯನ್ನು ದಾಟಿ ಬರುವಾಗ ದಾರಿ, ದೀಪ, ನೀರು, ಹೆಚ್ಚಿನ ಬಸ್ಸು ಎಲ್ಲದರ ಏರ್ಪಾಡೂ ಆಗುವದು. ಭಕ್ತರಿಗೆ ಆಗತಕ್ಕದ್ದೇ, ಆದರೆ ವರ್ಷವೆಲ್ಲ ಇಲ್ಲಿಯೇ ಇರುವವರೂ ಪ್ರಯಾಣಿಕರೇ ಅಲ್ಲವೇ?

ಇನ್ನು ಅಡವಿಯ ಮಾತು. ರಸ್ತೆ ಕೇಳಿದೊಡನೆ ಅರಣ್ಯ ಖಾತೆಯ ಹೆಸರು ಬರುವದು. ಅಲ್ಲಿಗೆ ಮಾತು ಮುಗಿಯುವದು. ೧೯೫೬ರಲ್ಲಿ ಆದ ದಾಂಡೇಲಿ ಅಭಯಾರಣ್ಯ, ೧೯೮೭ರ ಅಣಶಿ ರಾಷ್ಟ್ರೀಯ ಉದ್ಯಾನ, ಇವೆರಡೂ ಕೂಡಿ ೨೦೦೭ರಲ್ಲಿ ಆದ, ಈಗ ಕಾಳಿಯ ಹೆಸರುಳ್ಳ ಹುಲಿ ಸಂರಕ್ಷಿತ ಪ್ರದೇಶ, ಇವು ದೇಶದ ಸಂಪತ್ತು. ಅಡವಿಯನ್ನು ಸೀಳಿ ಹೆದ್ದಾರಿಗಳಾಗಲೆಂದು ನಾವು ಎಂದೂ ಹೇಳಲಾರೆವು. ಆದರೆ ಅರಣ್ಯಹಕ್ಕಿನ ೨೦೦೬ರ ಕಾಯಿದೆಯ ಮೂರನೆಯ ಕಲಮಿನ ಎರಡನೆಯ ಉಪಕಲಮು ಏನು ಹೇಳುವದೆಂಬದನ್ನು ಎಷ್ಟು ಗ್ರಾಮಸಭೆಗಳು ಬಲ್ಲವು? ಶಾಲೆ, ದವಾಖಾನೆ, ಕುಡಿಯುವ ನೀರು, ರಸ್ತೆ ಮೊದಲಾದ ೧೩ ಬಗೆಯ ಸೌಕರ್ಯಗಳಿಗೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ ೭೫ ಮರಗಳಿಗೆ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಬಹುದೆಂದು ಅದರಲ್ಲಿದೆ. ಐದು ಮೀಟರು ಅಗಲದ ದಾರಿಯನ್ನು ಎಣಿಸಿದರೆ ಒಂದು ಹೆಕ್ಟೇರಿನಲ್ಲಿ ಎರಡು ಕಿಲೋಮೀಟರು ದೊರೆಯುವದು. ಎಷ್ಟೋ ಮಜರೆಗಳಿಗೆ ಅಷ್ಟೇ ಸಾಕು. ಹುಲಿಯ ಪ್ರದೇಶದೊಳಗೆ ವನ್ಯಜೀವಿಗಳ ಕಾಯಿದೆಯೂ ಬರುವದು ನಿಜ. ಅದರ ಹೊರಗಿರುವ ಹಳ್ಳಿಗಳಿಗೂ ಅದೇ ಉತ್ತರವನ್ನು ಕೊಟ್ಟು ಕಳಿಸುವದು ನ್ಯಾಯವಲ್ಲ. ಒಳಗಿರುವ ಹಳ್ಳಿಗಳ ವಿಷಯದಲ್ಲಿಯೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಸ್ಥಳಾಂತರವು ಸ್ವಂತ ಇಚ್ಛೆಯಿಂದಲೇ ಆಗಬೇಕೆಂದು ಕಾನೂನು ಹೇಳುವದು. ದಾರಿಯಿಲ್ಲದ ಊರಿನಲ್ಲಿ, ಹೆರಿಗೆಯ ಭಯಕ್ಕೂ ಮಕ್ಕಳ ಶಾಲೆಯ ಚಿಂತೆಗೂ ಸೋತು ಕೊಟ್ಟ ಒಪ್ಪಿಗೆಗೆ ಇಚ್ಛೆಯೆಂಬ ಹೆಸರನ್ನಿಡಲು ನಾವು ಸಿದ್ಧರಿಲ್ಲ.

ರಸ್ತೆಯಾಗುವವರೆಗೆ ಕಾಲುಸಂಕಗಳಾದರೂ ಆಗಲಿ. ಹಳ್ಳಕ್ಕೆ ಅಡಕೆಯ ಮರವನ್ನು ಹಾಸಿ ಅದರ ಮೇಲೆ ಪಾಟೀಚೀಲದ ಮಕ್ಕಳನ್ನು ದಾಟಿಸುವ ದೃಶ್ಯವು ಜಿಲ್ಲೆಗೆ ಭೂಷಣವಲ್ಲ. ದೊಡ್ಡ ಸೇತುವೆಯೊಂದರ ಹಣದಲ್ಲಿ ಇಂಥ ಅನೇಕ ಸಂಕಗಳಾಗಬಲ್ಲವು. ಆದರೆ ಸಣ್ಣ ಕೆಲಸಕ್ಕೆ ಉದ್ಘಾಟನೆಯ ಸಮಾರಂಭವು ಸಣ್ಣದಾಗುವದೆಂಬದೇ ಅಡಚಣಿಯಾಗಿರಲಿಕ್ಕೆ ಸಾಕು. ಹಳಿಯಾಳದ ಕಡೆಗಾದರೋ ಇದ್ದ ರಸ್ತೆಗಳನ್ನು ಉಳಿಸಿಕೊಳ್ಳುವದೇ ಪ್ರಶ್ನೆಯು. ಸಡಕ ಯೋಜನೆಯ ಗುತ್ತಿಗೆದಾರನು ಐದು ವರ್ಷ ರಸ್ತೆಯನ್ನು ನೋಡಿಕೊಳ್ಳಬೇಕು. ಆರನೆಯ ವರ್ಷದಿಂದ ಅದು ತಬ್ಬಲಿ. ಹಗುರಾದ ಗಾಡಿಗಳಿಗೆಂದು ಮಾಡಿದ ರಸ್ತೆಯ ಮೇಲೆ ಎರಡೆರಡು ಟ್ರೇಲರುಗಳ ಕಬ್ಬಿನ ಹೇರು ಹೋದರೆ ಡಾಂಬರು ಎಷ್ಟು ದಿನ ತಾಳೀತು? ಆ ಕಬ್ಬಿನಿಂದ ಕಾರ್ಖಾನೆಗೂ ಲಾಭವಿದೆ, ಸರಕಾರಕ್ಕೂ ತೆರಿಗೆಯಿದೆ. ಅದರಲ್ಲಿ ಒಂದು ಗೊತ್ತಾದ ಪಾಲು, ಕಬ್ಬು ಹಾಯ್ದುಹೋದ ಹಳ್ಳಿಗಳ ರಸ್ತೆಗೇ ಮರಳಬೇಕೆಂಬ ಏರ್ಪಾಡನ್ನು ಮಾಡಿದರೆ ತೇರಗಾಂವದ ರೈತನು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ.

ಈ ವರ್ಷದ ತಖ್ತೆಗಳು ಇನ್ನೂ ಮೇಜಿನ ಮೇಲಿವೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳ ಪ್ರತಿಯೊಂದು ಮಜರೆಯ ಹೆಸರಿನ ಮುಂದೆ, ಮೊದಲ ಬಸ್ಸು ಎಷ್ಟು ಗಂಟೆಗೆ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಬಸ್ಸಿನ ತಿರುವಿಗೆ ನಡಿಗೆ ಎಷ್ಟು, ಮಳೆಗಾಲದಲ್ಲಿ ಎಷ್ಟು ದಿನ ದಾರಿ ಕಟ್ಟಿರುವದು ಎಂಬ ನಾಲ್ಕು ಕಲಮುಗಳನ್ನು ಸೇರಿಸಲು ದಿಲ್ಲಿಯ ಮಂಜೂರಾತಿಯೂ ಬೇಡ, ಬೆಂಗಳೂರಿನ ಹಣವೂ ಬೇಡ. ಗ್ರಾಮ ಪಂಚಾಯತಿಯ ಕಾರಕೂನನು ಎರಡು ವಾರಗಳಲ್ಲಿ ಅದನ್ನು ಬರೆದು ತರಬಲ್ಲನು. ಜಿಲ್ಲಾ ಪಂಚಾಯತಿಯವರು ಅದನ್ನು ಬರೆಯಿಸಿ ಬಜೆಟ್ಟಿನ ಮೊದಲೇ ಪ್ರಕಟಿಸಲಿ.